‘ಫೈನ್’ ಪುಟ ನೋಡಿಕೊಂಡು ದುಡ್ಡು ಕೊಡಿ

ಮೈಸೂರು, ಮಂಡ್ಯದ ಬಸ್ ನಿಲ್ದಾಣಗಳ ಸುತ್ತಮುತ್ತ ಸಿಗುವ ಅಂಗೈಯಗಲದ ಇಂಗ್ಲಿಷ್–ಕನ್ನಡ ಡಿಕ್ಷನರಿ ಇದು. ಹೊಲಿಗೆ ಗಟ್ಟಿ, ಅಕ್ಷರ ಕಣ್ಣಿಗೆ ಹಿತ, ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ಅಲ್ಲಿಯವರೆಗೆ ತಕರಾರಿಲ್ಲ.

ಒಳಗಿನ ಸರಕು ನೋಡಿ. ‘ಫೈನ್’ ತೆಗೆದರೆ ಒಂದೇ ಸಾಲು: ದಂಡ, ಸೊಗಸಾದ, ನವಿರಾದ. ನಾಮಪದ ಯಾವುದು, ಗುಣವಾಚಕ ಯಾವುದು ಎಂಬ ಗುರುತಿಲ್ಲ. ಬಳಸಿ ತೋರಿಸಿದ ಒಂದು ವಾಕ್ಯವೂ ಇಲ್ಲ. ಲೈಬ್ರರಿಯಲ್ಲಿ ಕಟ್ಟುವ ಫೈನೂ, ಬೆರಳ ಸಂದಿಯಲ್ಲಿ ಹಿಟ್ಟಿನ ಹಾಗೆ ಜಾರುವ ಫೈನ್ ರವೆಯೂ (ನಮ್ಮ ಚಿರೋಟಿ ರವೆ) ಒಂದೇ ಚೀಲಕ್ಕೆ ಬಿದ್ದಿವೆ. ಎರಡರ ಬೇರೂ ಲ್ಯಾಟಿನ್ನಿನ ‘ಫಿನಿಸ್’, ಅಂದರೆ ಕೊನೆ, ನಿಜ. ಆದರೆ ಓದುವವನಿಗೆ ಬೇಕಾದದ್ದು ಬೇರಲ್ಲ, ಬಳಕೆ. ಚಿನ್ನದ ಅಂಗಡಿಯ ‘ಫೈನ್ ಗೋಲ್ಡ್’ ಅಂದರೆ ಅಪರಂಜಿ. ಒಡವೆಯ ಮೇಲಿನ 916 ಎಂಬ ಮುದ್ರೆ ಸಾವಿರ ಪಾಲಿಗೆ 916 ಪಾಲು ಚಿನ್ನ ಎಂಬ ‘ಫೈನ್‌ನೆಸ್’ ಲೆಕ್ಕ. ಇದರ ಸುಳಿವೇ ಇಲ್ಲ.

‘ಪೊಲೀಸರು ಫೈನ್ ಹಾಕಿದರು’ ಅನ್ನುವುದು ನಮ್ಮ ಮಾತು. ಇಂಗ್ಲಿಷಿನಲ್ಲಿ ‘ಪುಟ್ ಫೈನ್’ ಆಗದು, ‘ಫೈನ್’ ತಾನೇ ಕ್ರಿಯಾಪದ: ‘ದೇ ಫೈನ್ಡ್ ಮಿ.’ ಡಿಕ್ಷನರಿ ಇದನ್ನು ಹೇಳುವುದೇ ಇಲ್ಲ.

ಹೆಚ್ಚು ಎಡವಟ್ಟಾಗುವುದು ಕಾಫಿಯ ಮುಂದೆ. ‘ಹೌ ಆರ್ ಯು?’ಗೆ ‘ಐ ಆಮ್ ಫೈನ್’ ಎಂದರೆ ಚೆನ್ನಾಗಿದ್ದೇನೆ. ‘ವುಡ್ ಯು ಲೈಕ್ ಸಮ್ ಕಾಫಿ?’ಗೆ ಅದೇ ಉತ್ತರ ಕೊಟ್ಟರೆ ಬೇಡ ಎಂದರ್ಥ, ಲೋಟ ಬರುವುದಿಲ್ಲ. ನಮ್ಮ ‘ಪರವಾಗಿಲ್ಲ, ಬಿಡಿ’ಯೂ ಇದೇ ಕೆಲಸ ಮಾಡುತ್ತದೆ, ಆ ಎರಡು ಪದ ಅಚ್ಚು ಹಾಕಿದ್ದರೂ ಸಾಕಿತ್ತು. ಬೇಕಿದ್ದರೆ ‘ಯೆಸ್, ಪ್ಲೀಸ್’ ಅನ್ನಿ. ‘ಫೈನ್!’ ಎಂದು ಒಂದೇ ಪದ ಕಡಿದು ಹೇಳಿದರೆ ‘ಆಯ್ತಪ್ಪ, ನಿನ್ನಿಷ್ಟ’ ಎಂಬ ಸಿಡುಕು.

ಉಚ್ಚಾರಣೆಗೆ ಬರೀ ‘ಫೈನ್’ ಎಂದಿದೆ. ತುಟಿ ಎರಡೂ ಕೂಡಿದರೆ ಅದು ‘ಪೈನ್’ ಮರವಾಗುತ್ತದೆ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಬಿಡಬೇಕು. ಇದಕ್ಕೆಂದೇ ಅಕ್ಷರದ ಕೆಳಗೆ ಎರಡು ಚುಕ್ಕಿಯಿಟ್ಟು ‘ಫ಼’ ಎಂದು ಬರೆಯುವ ರೂಢಿಯಿದೆ, ಇಲ್ಲಿ ಬಳಸಿಲ್ಲ.

ಕೊಳ್ಳುವ ಮೊದಲು ಅಂಗಡಿಯಲ್ಲೇ ‘ಫೈನ್’, ‘ಗೆಟ್’, ‘ಸೆಟ್’ ಮೂರೂ ತೆಗೆದು ನೋಡಿ. ಪ್ರತಿ ಅರ್ಥಕ್ಕೂ ಸಂಖ್ಯೆ, ಒಂದೊಂದು ವಾಕ್ಯ ಇದ್ದರೆ ಮಾತ್ರ ತಗೊಳ್ಳಿ. ಮನೆಯ ಮೇಜಿಗಾದರೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಇದೆ, ಜೇಬಿಗೆ ಮಾತ್ರ ಹಿಡಿಯದು. ಬೋರ್ಡು, ಅರ್ಜಿ ಫಾರಂ ಓದಿಕೊಳ್ಳಲು ಈ ಪುಟ್ಟದು ನಡೆಯುತ್ತದೆ. ಇಂಟರ್‌ವ್ಯೂಗೆ ಹೊರಟವರು ಇದನ್ನೇ ನಂಬಿ ಕೂರಬೇಡಿ.