ಕೆಂಪು ಮೂತಿ ಹುಳುವಿನ ಟ್ರ್ಯಾಪ್: 3 ವರ್ಷ ಬಳಸಿದ ಮೇಲೆ

ಬದಿಯಡ್ಕದ ಹತ್ತಿರ ನಮ್ಮ ತೋಟ. ಅಡಕೆಯ ನಡುವೆ 120 ತೆಂಗು. 3 ವರ್ಷದ ಹಿಂದೆ, ಆಗಷ್ಟೇ ಕಾಯಿ ಬಿಡಲು ಶುರು ಮಾಡಿದ್ದ ಒಂದು ಮರದ ಸುಳಿ ಬಾಡಿ ಬಾಗಿತು. ಕಾಂಡಕ್ಕೆ ಕಿವಿ ಇಟ್ಟರೆ ಒಳಗೆ ಕರಕರ ಅಗಿಯುವ ಸದ್ದು. ಕಡಿದು ಸೀಳಿದರೆ ಹೆಬ್ಬೆರಳು ಗಾತ್ರದ ಮರಿಹುಳುಗಳು, ಹುಳಿ ನಾತ. ಆ ವಾರವೇ ಟ್ರ್ಯಾಪ್ ತಂದೆ.

ಮುಚ್ಚಳವಿರುವ ಒಂದು ಬಕೆಟ್, ಮೇಲ್ಭಾಗದಲ್ಲಿ 4 ತೂತು. ಹುಳುವಿಗೆ ಹತ್ತಲು ಹಿಡಿತ ಸಿಗಲಿ ಅಂತ ಹೊರಗೆ ಗೋಣಿ ಸುತ್ತಿರುತ್ತದೆ. ಮುಚ್ಚಳದ ಅಡಿಯಲ್ಲಿ ಲ್ಯೂರ್, ಅಂದರೆ ಹುಳುವನ್ನು ಸೆಳೆಯುವ ವಾಸನೆಯ ಪೊಟ್ಟಣ. ಅದರಲ್ಲಿರುವುದು ಗಂಡು ಹುಳು ಬಿಡುವ ವಾಸನೆ, ಫೆರುಜಿನಿಯಾಲ್. ಅದಕ್ಕೆ ಗಂಡೂ ಬರುತ್ತದೆ, ಹೆಣ್ಣೂ ಬರುತ್ತದೆ. ಅಂಗೈಯಲ್ಲಿ ಇಟ್ಟು ನೋಡಿದರೆ ಗೊತ್ತಾಗುತ್ತದೆ: ಗಂಡಿನ ಮೂತಿಯ ಮೇಲೆ ಕಂದು ರೋಮ, ಹೆಣ್ಣಿನದು ನುಣುಪು. ಮೊಟ್ಟೆ ಇಡುವುದು ಅದೇ ಅಲ್ವಾ, ಹೆಣ್ಣು ಬಿದ್ದರೆ ನನಗೆ ಜಾಸ್ತಿ ಸಮಾಧಾನ.

ಲ್ಯೂರ್ ಒಂದನ್ನೇ ನಂಬಬೇಡಿ. ಮೊದಲು ಸುಮ್ನೆ ನೀರು ಹಾಕಿದ್ದೆ, ಬಿದ್ದದ್ದು ಬೆರಳೆಣಿಕೆ. ಕಳಿತ ಬಾಳೆಹಣ್ಣು, ಅನಾನಸಿನ ಸಿಪ್ಪೆ, ಬೆಲ್ಲ ಹಾಕಿ ಹುಳಿ ಬರಿಸಿದ ಮೇಲೆ ಲೆಕ್ಕವೇ ಬೇರೆಯಾಯಿತು. ವಾರಕ್ಕೊಮ್ಮೆ ಬದಲಿಸುತ್ತೇನೆ. ಬೇಸಿಗೆಯಲ್ಲಿ ನೀರು ಆರಿದರೆ ಬಿದ್ದ ಹುಳು ಹತ್ತಿ ಹೊರಟುಹೋಗುತ್ತದೆ.

ನನ್ನ ದೊಡ್ಡ ತಪ್ಪು, ಬಕೆಟ್ಟನ್ನು ಎಳೆ ತೆಂಗಿನ ಪಕ್ಕವೇ ತೂಗಿಸಿದ್ದು. ವಾಸನೆಗೆ ಬಂದ ಹುಳುವೆಲ್ಲ ಬಕೆಟ್ಟಿಗೆ ಬೀಳುವುದಿಲ್ಲ. ಪಕ್ಕದ ಮರದಲ್ಲಿ ಗಾಯ ಕಂಡರೆ ಅಲ್ಲೇ ಮೊಟ್ಟೆ ಇಡುತ್ತದೆ. ಹಾಗೆ 2 ಮರ ಕಳೆದುಕೊಂಡೆ. ಈಗ ಬೇಲಿ ಬದಿಯ ಹಲಸಿನ ನೆರಳಿನಲ್ಲಿದೆ. ಹಸಿ ಮಡಲನ್ನು ಬುಡಕ್ಕೇ ಕಡಿಯುವುದನ್ನೂ ಬಿಟ್ಟಿದ್ದೇವೆ. ಕುರುವಾಯಿ (ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ) ಕೊರೆದ ತೂತೂ ಈ ಹುಳುವಿಗೆ ಬಾಗಿಲೇ. ಆದರೆ ಕುರುವಾಯಿಗೆ ಲ್ಯೂರ್ ಬೇರೆ, ಈ ಲ್ಯೂರಿಗೆ ಅದು ಬೀಳುವುದಿಲ್ಲ.

ಒಮ್ಮೆ ಒಂದು ಅಂಗಡಿಯಲ್ಲಿ ತಾರೀಕಿಲ್ಲದ ಲ್ಯೂರ್ ಕೊಟ್ಟರು. ತಿಂಗಳೊಳಗೆ ಸತ್ವ ಹೋಯಿತು. ಪೊಟ್ಟಣ ತಿರುಗಿಸಿ ನೋಡಿಯೇ ತೆಗೆದುಕೊಳ್ಳಿ.

ಟ್ರ್ಯಾಪಿನಿಂದ ಮರದ ರೋಗ ವಾಸಿಯಾಗುವುದಿಲ್ಲ. ಒಳಗಿರುವ ಮರಿಹುಳು ಯಾವ ವಾಸನೆಗೂ ಹೊರಬರುವುದಿಲ್ಲ. ನನಗೆ ಇದರ ಉಪಯೋಗ ಲೆಕ್ಕದಲ್ಲಿ. ಬಿದ್ದದ್ದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ವರ್ಷ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಕಳೆದ ವಾರ ಒಮ್ಮೆಗೇ 9 ಬಿದ್ದವು. ಅಂದೇ ಒಂದೊಂದು ಮರವನ್ನೂ ನೋಡಿಕೊಂಡು ಬಂದೆವು. ತೋಡಿನ ಬದಿಯ ಒಂದರಲ್ಲಿ ಕಂದು ರಸ ಒಸರುತ್ತಿತ್ತು. ಮದ್ದು ಹಾಕಿ ತೂತು ಮುಚ್ಚಿದೆವು. ಈಗ ಅದಕ್ಕೆ ಹೊಸ ಸುಳಿ ಬಂದಿದೆ.