ನಟ್ ಬಿಚ್ಚಿದರೂ ಚಕ್ರ ಬರದಿದ್ದರೆ ಸುತ್ತಿಗೆ ಬೇಡ, ಬೆಂಕಿಯಂತೂ ಬೇಡವೇ ಬೇಡ

ಕಾರಿನ ಚಕ್ರದ ನಟ್ ಎಲ್ಲ ಬಿಚ್ಚಿಟ್ಟಿದ್ದೀರಿ. ಆದರೂ ಚಕ್ರ ಅಲುಗಾಡುತ್ತಿಲ್ಲ. ಆ ಹೊತ್ತಲ್ಲಿ ಯಾರಾದರೂ ಕಬ್ಬಿಣದ ಸುತ್ತಿಗೆ ತಂದರೆ ದಯವಿಟ್ಟು ತಡೆಯಿರಿ. ಗ್ಯಾಸ್ ಹಚ್ಚಲು ಬಂದರೆ ಕೆಲಸವನ್ನೇ ನಿಲ್ಲಿಸಿಬಿಡಿ. ನಮ್ಮ ಭಾವನ ಕಾರಿಗೆ ಆದದ್ದನ್ನು ನೋಡಿದ ಮೇಲೆ ನಾಲ್ಕು ಜನಕ್ಕೆ ಹೇಳಲೇಬೇಕು ಅನ್ನಿಸಿತು.

ಮೈಸೂರಿನಿಂದ ಮಂಡ್ಯಕ್ಕೆ ಬರುತ್ತಿದ್ದೆವು. ಶ್ರೀರಂಗಪಟ್ಟಣ ದಾಟಿದ ಮೇಲೆ ಮುಂದಿನ ಎಡಗಡೆ ಚಕ್ರ ಪಂಚರ್ ಆಯಿತು. ಸರ್ವಿಸ್ ರಸ್ತೆಯಲ್ಲಿ ಒಂದು ಪಂಚರ್ ಅಂಗಡಿ ಸಿಕ್ಕಿತು. ನಟ್‌ಗಳು ಸಲೀಸಾಗಿ ಬಂದವು. ಚಕ್ರ ಮಾತ್ರ ಹಬ್‌ಗೆ, ಅಂದರೆ ಚಕ್ರ ಕೂರುವ ನಡುವಿನ ಲೋಹದ ಭಾಗಕ್ಕೆ, ಕಚ್ಚಿಕೊಂಡು ಕೂತಿತ್ತು. ಅಂಗಡಿಯ ಹುಡುಗ ನೆಲದ ಮೇಲೆ ಕೂತು ಟೈರಿಗೆ ಒದೆಯಲು ಶುರು ಮಾಡಿದ. ಜಾಕ್ ಇದ್ದದ್ದು ರಸ್ತೆ ಅಂಚಿನ ಸಡಿಲ ಮಣ್ಣಿನ ಮೇಲೆ. ಬೇಡ ಎಂದು ನಾವು ಹೇಳುತ್ತಿರುವಾಗಲೇ ಜಾಕ್ ವಾಲಿತು. ಕಾರು ಧಡ್ ಎಂದು ಕೆಳಗೆ ಕೂತಿತು. ಬಾಗಿಲ ಕೆಳಗಿನ ಅಂಚು ಒಳಕ್ಕೆ ಮಡಚಿಕೊಂಡಿತು. ಹುಡುಗ ಕಾಲು ಎಳೆದುಕೊಂಡಿದ್ದರಿಂದ ಬಚಾವಾದ. ಚಕ್ರ ಹಬ್‌ನಲ್ಲೇ ಇದ್ದದ್ದು ಒಳ್ಳೆಯದೇ ಆಯಿತು. ಅದು ಕಳಚಿದ ಗಳಿಗೆಯಲ್ಲೇ ಜಾಕ್ ಜಾರಿದ್ದರೆ ಏನಾಗುತ್ತಿತ್ತು, ನೀವೇ ಊಹಿಸಿ.

ಅಷ್ಟಾದರೂ ಅಂಗಡಿಯವರಿಗೆ ಬುದ್ಧಿ ಬರಲಿಲ್ಲ. ಮತ್ತೆ ಜಾಕ್ ಏರಿಸಿ, ಒಳಗಡೆಯಿಂದ ಅಲಾಯ್ ರಿಮ್‌ಗೆ ದೊಡ್ಡ ಸುತ್ತಿಗೆಯಲ್ಲಿ ಬಾರಿಸಿದರು. ರಿಮ್ಮಿನ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತು. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಗ್ಯಾಸ್ ಬಂತು. ಭಾವ ಬೇಡವೇ ಬೇಡ ಎಂದರು. "ಎರಡು ನಿಮಿಷ ಸಾರ್, ದಿನಾ ಮಾಡ್ತೀವಿ" ಎನ್ನುತ್ತ ಹಚ್ಚಿಯೇಬಿಟ್ಟರು. ಚಕ್ರ ಬಂತು, ನಿಜ. ಜೊತೆಗೆ ಹಬ್ ಬೇರಿಂಗಿನ ಸೀಲ್ ಸುಟ್ಟು ಗ್ರೀಸ್ ಕರಗಿ ಹೊರಬಂತು. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರಿನ ವೈರ್ ಕರಗಿತು. ಮಂಡ್ಯ ತಲುಪುವಷ್ಟರಲ್ಲಿ ಎಬಿಎಸ್ ದೀಪ ಹತ್ತಿತ್ತು, ಚಕ್ರದಿಂದ ಗುಂಯ್ ಎನ್ನುವ ಸದ್ದು ಬೇರೆ. ಬೇರಿಂಗ್, ಸೆನ್ಸರ್, ಹೊಸ ರಿಮ್, ಅಂಚಿನ ಡೆಂಟಿಂಗ್ ಎಲ್ಲ ಸೇರಿ ಒಂದು ಪಂಚರಿಗೆ ಎಷ್ಟು ಹಣ ಹೋಯಿತು ಎಂದರೆ ಹೊಟ್ಟೆ ಉರಿಯುತ್ತದೆ.

ಹಣ ಹೋದರೆ ಹೋಗಲಿ. ಟೈರ್ ಇರುವ ರಿಮ್ಮಿಗೆ ಬೆಂಕಿ ಹಿಡಿಯುವುದು ಜೀವಕ್ಕೇ ಅಪಾಯ. ಬಿಸಿಗೆ ಒಳಗಿನ ಗಾಳಿಯ ಒತ್ತಡ ಏರುವುದು ಒಂದು. ಅದರ ಜೊತೆಗೆ ರಬ್ಬರ್ ಒಳಗೊಳಗೇ ಬೆಂದು ಉರಿಯುವ ಅನಿಲ ಬಿಡುತ್ತದೆ. ಬೆಂಕಿ ತೆಗೆದು ಸ್ವಲ್ಪ ಹೊತ್ತಾದ ಮೇಲೂ ಟೈರ್ ಸ್ಫೋಟ ಆಗಬಹುದು. ಪಂಚರ್ ಆದ ಟೈರಲ್ಲೂ ಗಾಳಿ ಪೂರ್ತಿ ಹೋಗಿರುತ್ತದೆ ಎಂದು ನಂಬುವಂತಿಲ್ಲ. ಅಲಾಯ್ ಚಕ್ರ ಜಾಸ್ತಿ ಕಾದರೆ ಅದರ ಗಟ್ಟಿತನವೂ ಹೋಗುತ್ತದೆ, ಅದು ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಇಷ್ಟು ಗಟ್ಟಿಯಾಗಿ ಚಕ್ರ ಕಚ್ಚಿಕೊಳ್ಳುವುದು ಹೇಗೆ? ಹಬ್ ಉಕ್ಕಿನದು, ಅಲಾಯ್ ಚಕ್ರ ಅಲ್ಯೂಮಿನಿಯಂನದು. ಎರಡರ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೊದಲಿನ ಲೋಹಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತದೆ. ಹಬ್‌ನ ನಡುವಿನ ಬಳೆಗೂ ಚಕ್ರದ ತೂತಿಗೂ ಇರುವ ಸಂದು ತೀರಾ ಕಡಿಮೆ. ಅಲ್ಲಿ ಪುಡಿ ತುಂಬಿಕೊಂಡರೆ ಬೆಣೆ ಬಡಿದ ಹಾಗೆ. ಕಬ್ಬಿಣದ ಚಕ್ರವೂ ಕಚ್ಚಿಕೊಳ್ಳುತ್ತದೆ, ಅಲ್ಲಿ ಕೆಂಪು ತುಕ್ಕು ಅಷ್ಟೆ. ನಮ್ಮ ಕಡೆ ನಾಲೆ ಏರಿ, ಗದ್ದೆ ಬದಿಯ ರಸ್ತೆಗಳಲ್ಲಿ ಓಡಾಡುವ ಗಾಡಿಗಳಿಗೆ ನೀರು, ಕೆಸರು ತಪ್ಪಿದ್ದಲ್ಲ. ವರ್ಷಗಟ್ಟಲೆ ಚಕ್ರ ಬಿಚ್ಚದೆ ಬಿಟ್ಟರೆ ಹೀಗಾಗುತ್ತದೆ.

ರಿಪೇರಿಗೆ ಕೊಟ್ಟಾಗ ಮಂಡ್ಯದ ಒಬ್ಬ ಹಳೆಯ ಮೆಕ್ಯಾನಿಕ್ ಬಲಗಡೆ ಚಕ್ರ ತೆಗೆಯಲು ನೋಡಿದರು. ಅದೂ ಕಚ್ಚಿಕೊಂಡಿತ್ತು. ಅವರು ಸುತ್ತಿಗೆ ಮುಟ್ಟಲೇ ಇಲ್ಲ. ನಡುವಿನ ಕ್ಯಾಪ್ ತೆಗೆದು ಹಬ್‌ನ ಬಳೆ ಸುತ್ತ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರು. ಡಿಸ್ಕಿಗೆ ಸಿಡಿಯದ ಹಾಗೆ ಬಟ್ಟೆ ಅಡ್ಡ ಹಿಡಿದಿದ್ದರು, ಯಾಕೆಂದರೆ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಅರ್ಧ ಗಂಟೆ ಸುಮ್ನೆ ಬಿಟ್ಟರು. ಆಮೇಲೆ ಎಲ್ಲ ನಟ್ ವಾಪಸ್ ಹಾಕಿ, ಕೈಯಲ್ಲಿ ಕೊನೆಯವರೆಗೆ ತಿರುಗಿಸಿ, ಪ್ರತಿಯೊಂದನ್ನೂ ಎರಡು ಸುತ್ತು ಮಾತ್ರ ಸಡಿಲ ಮಾಡಿದರು. ಕಾರನ್ನು ನೆಲಕ್ಕೆ ಇಳಿಸಿ, ಶೆಡ್ಡಿನ ಸಮತಟ್ಟು ಜಾಗದಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿಕೊಂಡು ನಿಧಾನವಾಗಿ ಹಿಂದೆ ಮುಂದೆ ಆಡಿಸಿದರು. ಟಕ್ ಎಂದು ಸದ್ದಾಯಿತು. ತಕ್ಷಣ ನಿಲ್ಲಿಸಿದರು. ಜಾಕ್ ಹಾಕಿ ನಟ್ ಬಿಚ್ಚಿದರೆ ಚಕ್ರ ಕೈಗೇ ಬಂತು. ಬಿಡಿಸಿದ್ದು ಕಾರಿನದೇ ತೂಕ! ಇದನ್ನು ಖಾಲಿ ಜಾಗದಲ್ಲಿ ಮಾತ್ರ ಮಾಡಬೇಕು, ಸಡಿಲ ನಟ್ಟಿನಲ್ಲಿ ರಸ್ತೆಗೆ ಇಳಿಯಲೇಬಾರದು.

ಆಮೇಲೆ ಅವರು ವೈರ್ ಬ್ರಷ್ಷಿನಿಂದ ಹಬ್ ಉಜ್ಜಿದರು. ಬಿಳಿ ಪುಡಿ ಬೊಗಸೆ ತುಂಬ ಉದುರಿತು. ನಡುವಿನ ಬಳೆಗೆ ಮಾತ್ರ ತೆಳ್ಳಗೆ ತಾಮ್ರದ ಗ್ರೀಸ್ ಸವರಿದರು. ಬೋಲ್ಟಿನ ತಿರುಪಿಗೆ ಹಚ್ಚಲಿಲ್ಲ. ಅಲ್ಲಿ ಗ್ರೀಸ್ ಇದ್ದರೆ ಅಷ್ಟೇ ಬಲ ಹಾಕಿದರೂ ನಟ್ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಬೋಲ್ಟ್ ಎಳೆದುಕೊಳ್ಳುತ್ತದೆ.

10,000 ಕಿಲೋಮೀಟರಿಗೊಮ್ಮೆ ಚಕ್ರ ಅದಲುಬದಲು ಮಾಡಿಸುವಾಗ ಹಬ್ ಉಜ್ಜಿಸಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಯಾರೂ ಮಾಡುವುದಿಲ್ಲ. ಎಷ್ಟು ಬಿಗಿ ಮಾಡಬೇಕು ಎನ್ನುವುದು ಕಾರಿನ ಪುಸ್ತಕದಲ್ಲಿದೆ, ಬಿಗಿಯ ಅಳತೆ ತೋರಿಸುವ ಟಾರ್ಕ್ ಪಾನಾದಲ್ಲೇ ಹಾಕಿಸಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿಸಿ. ದಾರಿಯಲ್ಲೇ ಚಕ್ರ ಬಿಚ್ಚಬೇಕಾಗಿ ಬಂದರೆ ಎಲ್ಲರನ್ನೂ ಕೆಳಗಿಳಿಸಿ, ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ, ಸ್ಟೆಪ್ನಿಯನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಜಾಕ್ ಜಾರಿದರೆ ಕಾರು ಅದರ ಮೇಲೆ ನಿಲ್ಲುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ಸಿಕ್ಕಿಹಾಕಿಕೊಂಡರೆ ಅಲ್ಲಿ ಚಕ್ರದ ಜೊತೆ ಗುದ್ದಾಡಬೇಡಿ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ತಡೆಬೇಲಿಯ ಆಚೆ ನಿಂತುಕೊಳ್ಳಿ.

ಇನ್ನೊಂದು ಮಾತು. ಬಿರುಕು ಬಿಟ್ಟ ಆ ರಿಮ್ಮನ್ನು ವೆಲ್ಡಿಂಗ್ ಮಾಡಿಸಿ ಸ್ಟೆಪ್ನಿಗೆ ಇಟ್ಟುಕೊಳ್ಳಿ, ಸುಮ್ನೆ ಯಾಕೆ ಎಸೀತೀರಾ ಎಂದು ಒಬ್ಬರು ಹೇಳಿದರು. ಭಾವ ಒಪ್ಪಲಿಲ್ಲ. ನೀವೂ ಒಪ್ಪಬೇಡಿ.