ಟೊಮೆಟೊ ಗಿಡ ಕಟ್ಟಲು ಸೆಣಬಿನ ಹುರಿ: ಒಂದು ಬೆಳೆಯ ಅನುಭವ

ಕೋಲಾರ ಸೀಮೆಯಲ್ಲಿ ಟೊಮೆಟೊ ಬೆಳೆಯುವವರಿಗೆ ಬೀಜ, ಗೊಬ್ಬರ, ಔಷಧಿಗಳ ವಿಚಾರದಲ್ಲಿ ಸಲಹೆ ಹೇಳಲು ಹತ್ತು ಜನ ಸಿಗುತ್ತಾರೆ; ಗಿಡವನ್ನು ಎತ್ತಿ ಕಟ್ಟುವ ದಾರವನ್ನು ಮಾತ್ರ ಅಂಗಡಿಯವರು ಕೊಟ್ಟಂತೆ ತರುತ್ತೇವೆ. ಈ ಸಲ ನಮ್ಮ 20 ಗುಂಟೆ ತೋಟದಲ್ಲಿ ಪ್ಲಾಸ್ಟಿಕ್ ದಾರವನ್ನು ಬಿಟ್ಟು, ಮೂರು ಎಳೆಯ ಸೆಣಬಿನ ಹುರಿಯನ್ನು ಕೊನೆಯ ಕೊಯ್ಲಿನವರೆಗೆ ಬಳಸಿದೆ.

ಬದಲಾಯಿಸಲು ಕಾರಣವಿತ್ತು. ಹಿಂದಿನ ಬೆಳೆಯಲ್ಲಿ ಕಾಯಿಯ ಭಾರಕ್ಕೆ ಗಿಡ ಜೋತಾಗ ಪ್ಲಾಸ್ಟಿಕ್ ದಾರವು ಕಾಂಡದ ಸಿಪ್ಪೆಯನ್ನು ಸೀಳಿ ಒಳಗಿಳಿದಿತ್ತು. ಗಾಯದ ಮೇಲಿನ ಭಾಗ ಮಧ್ಯಾಹ್ನದ ಬಿಸಿಲಿಗೆ ಬಾಡುವುದನ್ನು ಕಂಡು ಸೊರಗು ರೋಗವೆಂದೇ ತಿಳಿದು ಬುಡಕ್ಕೆ ಔಷಧಿ ಸುರಿದಿದ್ದೆ. ಬೆಳೆ ಮುಗಿದ ಮೇಲೆ ಮಣ್ಣಿನಲ್ಲಿ ಉಳಿದ ತುಂಡುಗಳನ್ನು ಹಸುಗಳು ಬದುವಿನ ಹುಲ್ಲಿನೊಂದಿಗೆ ನುಂಗುವುದು ಇನ್ನೂ ದೊಡ್ಡ ಚಿಂತೆ.

ಸೆಣಬಿನ ಹುರಿ ಕಾಂಡವನ್ನು ಕೊಯ್ಯಲಿಲ್ಲ. ಗಂಟನ್ನು ಆಸರೆಗೆ ನೆಟ್ಟ ಕಡ್ಡಿಯ ಕಡೆಗಿಟ್ಟು, ಕಾಂಡದ ಸುತ್ತ ಒಂದು ಬೆರಳು ತೂರುವಷ್ಟು ಜಾಗ ಬಿಟ್ಟು, 8 ಅಂಕಿಯ ಆಕಾರದಲ್ಲಿ ಸುತ್ತಿದರೆ ಗಾಳಿಗೆ ಗಿಡ ಅಲುಗಿದರೂ ಕಡ್ಡಿಗೆ ಉಜ್ಜುವುದಿಲ್ಲ. ಕಟ್ಟು ಎಲೆಯ ಬುಡದ ಕೆಳಗೆ ಬರಬೇಕು. ಹೂಗೊಂಚಲಿನ ಕೆಳಗೆ ಕಟ್ಟಿದರೆ ಕಾಯಿ ತೂಗುವಾಗ ಗೊಂಚಲೇ ಮುರಿಯುತ್ತದೆ.

ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ಮೊದಲು ತಂದ ಹಸಿರು ಬಣ್ಣದ ಉಂಡೆ ಒಂದೇ ಮಳೆಗೆ ಬಣ್ಣ ಬಿಟ್ಟು, ಕಟ್ಟಿನ ಕೆಳಗಿನ ಎಲೆಗಳ ಮೇಲೆ ಹಸಿರು ನೀರಿನ ಗೆರೆ ಮೂಡಿತು. ಅದನ್ನು ವಾಪಸು ಕೊಟ್ಟು ಬಣ್ಣವಿಲ್ಲದ್ದನ್ನು ತಂದೆ. ಅದರ ಉಂಡೆ ಬಿಚ್ಚಿದಾಗ ಸೀಮೆಎಣ್ಣೆಯ ವಾಸನೆ ಬಂತು. ನಾರು ಮೆತ್ತಗಾಗಲೆಂದು ಸೆಣಬಿನ ಗಿರಣಿಗಳಲ್ಲಿ ಖನಿಜ ತೈಲ (ಪೆಟ್ರೋಲಿಯಂ ಎಣ್ಣೆ) ಹಾಕುವ ರೂಢಿಯಿದೆ. ಕಾಫಿ, ಕೋಕೋ ಬೀಜ ತುಂಬುವ ಚೀಲಗಳಿಗೆ ಇದರ ಬದಲು ಸಸ್ಯಜನ್ಯ ಎಣ್ಣೆಯನ್ನು ಬಳಸುತ್ತಾರೆ. ತೊಳೆದು ಹಸಿಯಾಗಿಯೇ ತಿನ್ನುವ ಹಣ್ಣಿನ ಬೆಳೆಗೂ ಅಂಥ ಹುರಿಯನ್ನೇ ಕೇಳಿ ತರುವುದು ಒಳ್ಳೆಯದು. ನಾನು ಮೂರು ದಿನ ಬಿಸಿಲಿಗೆ ಹಾಕಿದ ಮೇಲೆ ವಾಸನೆ ತಗ್ಗಿತಾದರೂ ಪೂರ್ತಿ ಹೋಗಲಿಲ್ಲ.

ಬಾಳಿಕೆಯಲ್ಲಿ ಇದು ಪ್ಲಾಸ್ಟಿಕ್‌ಗೆ ಸಾಟಿಯಲ್ಲ. ನೆಲಕ್ಕೆ ತಾಗಿದ ಕಟ್ಟುಗಳು ಎರಡು ತಿಂಗಳಿಗೇ ಕೊಳೆತು ಕಡಿದವು, ಮೇಲಿನವು ಕೊನೆಯವರೆಗೂ ತಡೆದವು. ಸಾಲಿನುದ್ದಕ್ಕೂ ಎಳೆಯುವ ಮುಖ್ಯ ಎಳೆಗೆ ಇದು ಸಲ್ಲದು, ಅಲ್ಲಿಗೆ ಸತು ಲೇಪಿಸಿದ ಕಬ್ಬಿಣದ (ಜಿಐ) ತಂತಿಯೇ ಬೇಕು.

ಹುರಿ ಎಷ್ಟೇ ಚೆನ್ನಾಗಿದ್ದರೂ ಕಡ್ಡಿ ಕೆಟ್ಟದ್ದಾದರೆ ಪ್ರಯೋಜನವಿಲ್ಲ. ಗೆದ್ದಲು ತಡೆಯಲೆಂದು ನೀಲಗಿರಿ ಕಡ್ಡಿಗಳ ಬುಡಕ್ಕೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಅದರಲ್ಲಿನ ಲೋಹದ ಅಂಶ ಬೇರಿನ ಪಕ್ಕದಲ್ಲೇ ಮಣ್ಣು ಸೇರುತ್ತದೆ. ಹಿರಿಯರು ಬುಡವನ್ನು ಬೆಂಕಿಯಲ್ಲಿ ಕಪ್ಪಾಗುವಂತೆ ಸುಟ್ಟು ನೆಡುತ್ತಿದ್ದರು. ಹಳೆಯ ಕಡ್ಡಿಗಳಲ್ಲಿ ದುಂಡಾಣು ಕಜ್ಜಿಯಂಥ ರೋಗಗಳ ಅಣುಗಳು ಉಳಿದಿರಬಹುದು. ಮೊದಲು ಮಣ್ಣನ್ನು ಉಜ್ಜಿ ತೊಳೆದು, ಆಮೇಲೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಬೇಕು; ಮಣ್ಣು ಅಂಟಿಕೊಂಡಿದ್ದರೆ ಕ್ಲೋರಿನ್ನಿನ ಶಕ್ತಿ ಅದಕ್ಕೇ ಕರಗಿಹೋಗುತ್ತದೆ.

ಪ್ಲಾಸ್ಟಿಕ್ ದಾರಕ್ಕಿಂತ ಖರ್ಚು ಹೆಚ್ಚಾಯಿತು. ಆದರೆ ಸೆಣಬು ಮಣ್ಣಿನಲ್ಲೇ ಕೊಳೆಯುವುದರಿಂದ ಬೆಳೆ ತೆಗೆದ ದಿನ ಹೊಲದಲ್ಲಿ ದಾರ ಆಯುವ ಕೆಲಸವೇ ಇರಲಿಲ್ಲ. ಮುಂದಿನ ನಾಟಿಗೂ ಇದನ್ನೇ ತರುತ್ತೇನೆ. ನೆಲಕ್ಕೆ ಹತ್ತಿರದ ಮೊದಲ ಕಟ್ಟಿಗೆ ಮಾತ್ರ ಹುರಿಯನ್ನು ಜೋಡಿ ಮಾಡಿ ಕಟ್ಟುತ್ತೇನೆ.